ಎರಡು ಗಾಳಿಗೆ ಬಾಳದ ಹೊಲಿಗೆ

ನಾನು ಮದುವೆಯಾಗಿ ಬಂದ ಎಂಟನೇ ದಿನ ನಮ್ಮತ್ತೆ ನನ್ನನ್ನು ಬಾವುಟದ ಕಾರ್ಖಾನೆಗೆ ಕರೆದುಕೊಂಡು ಹೋಗಿ ಒಂದು ಮಷೀನಿನ ಮುಂದೆ ಕೂರಿಸಿದರು. ಹಸಿರು ಪಟ್ಟಿಗೆ ನೀಲಿ ಪಟ್ಟಿ ಸೇರಿಸಿ ಹೊಲಿ ಎಂದರು. ತವರಿನಲ್ಲಿ ದಿಂಬಿನ ಚೀಲ, ಕಿಟಕಿಯ ಪರದೆ ಎಲ್ಲ ಹೊಲಿದ ಕೈ ನನ್ನದು. ಇದೇನು ಮಹಾ ಎಂದುಕೊಂಡು ಸರ್ರನೆ ಹೊಲಿದು ಕೊಟ್ಟೆ. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಎರಡು ಕಡೆಯಿಂದ ಜಗ್ಗಿದರು, ಆಮೇಲೆ ಕತ್ತರಿಯ ತುದಿಯಿಂದ ಹೊಲಿಗೆಯನ್ನೆಲ್ಲ ಬಿಚ್ಚಿ ವಾಪಸ್ ನನ್ನ ತೊಡೆಯ ಮೇಲೆ ಹಾಕಿದರು.

"ಯಾಕತ್ತೆ, ನೆಟ್ಟಗೇ ಇತ್ತಲ್ಲ?"

"ನೆಟ್ಟಗಿತ್ತು, ಗಟ್ಟಿಯಿರಲಿಲ್ಲ. ಪರದೆ ಮನೆಯೊಳಗಿರುತ್ತೆ, ಬಾವುಟ ಗಾಳಿಯಲ್ಲಿರುತ್ತೆ. ಈ ನಿನ್ನ ಹೊಲಿಗೆ ಎರಡು ಗಾಳಿಗೆ..."

ಅಷ್ಟು ಹೇಳಿ ಮಾತು ನುಂಗಿಕೊಂಡರು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಆಮೇಲೆ ನನ್ನನ್ನು ಸಾವಿರ ಸಲ ಬೈದಿದ್ದಾರೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದಿದ್ದಾರೆ, ನಿನ್ನ ಟಾಕೆಗಳ ನಡುವೆ ಎಮ್ಮೆ ನುಗ್ಗಬಹುದು ಎಂದಿದ್ದಾರೆ. ಆ ಒಂದು ಮಾತನ್ನು ಮಾತ್ರ ಯಾವತ್ತೂ ಪೂರ್ತಿ ಮಾಡಲಿಲ್ಲ. ಯಾಕೆಂದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ನಮ್ಮ ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಹಾಲ್, ಹದಿನಾಲ್ಕು ಮಷೀನು, ನಡುವೆ ಕತ್ತರಿಸುವ ಮೇಜು. ಆ ಮೇಜಿನ ಯಜಮಾನ ಒಬ್ಬ ಮುದುಕ, ನಮಗೆಲ್ಲ ಕತ್ತರಿ ಮಾವ. ಎಲ್ಲರ ಮೇಲೆ ಒಬ್ಬ ಮೇಸ್ತ್ರಿ. ಹೊಲಿಯುವವರಿಗೆಲ್ಲ ಬೂದು ಬಣ್ಣದ ಏಪ್ರನ್ನು. ಸೂಜಿಗಳನ್ನು ಏಪ್ರನ್ನಿನ ಎದೆಯ ಮೇಲೆ ಚುಚ್ಚಿಕೊಳ್ಳುವುದು ನಮ್ಮವರ ರೂಢಿ. ಬಲಗೈಗೆ ಸುಲಭವಾಗಲೆಂದು ಎಡ ಎದೆಯ ಮೇಲೆ. ವರ್ಷಗಟ್ಟಲೆ ಚುಚ್ಚಿ ಚುಚ್ಚಿ ಅತ್ತೆಯ ಏಪ್ರನ್ನಿನ ಆ ಜಾಗ ಜರಡಿಯಾಗಿತ್ತು. ಅವರ ಮಷೀನು ಕಿಟಕಿಯ ಪಕ್ಕ. ಕಿಟಕಿಯಾಚೆ ಹೊಳೆ. ಹೊಳೆಯ ಆ ದಡದಲ್ಲಿ ಬೇರೆ ದೇಶ.

ಬಾವುಟದ ಕೋಲಿನ ಕಡೆಗೆ ದಪ್ಪ ಬಿಳಿ ಬಟ್ಟೆಯ ಒಂದು ಪಟ್ಟಿ ಇರುತ್ತದಲ್ಲ, ಹಗ್ಗ ತೂರಿಸುವುದು, ಅದಕ್ಕೆ ನಾವು ಹಗ್ಗದ ಪಟ್ಟಿ ಎನ್ನುತ್ತೇವೆ. ಅದನ್ನು ಮಡಿಸಿ ಮುಚ್ಚುವ ಮುಂಚೆ ಅತ್ತೆ ಒಂದು ಕೆಲಸ ಮಾಡುತ್ತಿದ್ದರು. ಬಾವುಟ ಹೊಲಿದ ಅದೇ ರೀಲಿನಿಂದ ನಾಲ್ಕು ಮೊಳ ದಾರ ಕತ್ತರಿಸಿ, ಬೆರಳುದ್ದದ ಚಿಂದಿ ಬಟ್ಟೆಗೆ ಸುತ್ತಿ, ಪಟ್ಟಿಯ ಕೆಳಮೂಲೆಯಲ್ಲಿ ಇಟ್ಟು ಹೊಲಿದುಬಿಡುತ್ತಿದ್ದರು. ಹೊರಗಿನವರಿಗೆ ಕಾಣುವುದಿಲ್ಲ. ಮುಂದೆ ಎಂದಾದರೂ ಬಾವುಟ ಹರಿದರೆ, ರಿಪೇರಿ ಮಾಡುವವಳಿಗೆ ಅದೇ ಬಣ್ಣದ ದಾರ ಸಿಗಲಿ ಎಂದು. ಒಂದು ಸಲ ಬಣ್ಣ ಅದ್ದಿದ ಹಾಗೆ ಇನ್ನೊಂದು ಸಲ ಅದ್ದಲಾಗುವುದಿಲ್ಲವಂತೆ. ಇದು ಅವರ ತಾಯಿ ಕಲಿಸಿದ್ದು. ಹೆಸರು ತವರು ದಾರ.

"ದಾರ ದಂಡ," ಎನ್ನುತ್ತಿದ್ದ ಮೇಸ್ತ್ರಿ.

"ನಿಮ್ಮ ತಲೆಗೂದಲಿಗೆ ಎಣ್ಣೆ ಹಾಕ್ತೀರಲ್ಲ, ಅದು ದಂಡ ಅಲ್ವಾ?" ಎನ್ನುತ್ತಿದ್ದರು ಅತ್ತೆ. ಮೇಸ್ತ್ರಿಗೆ ಇದ್ದದ್ದು ಹತ್ತೋ ಹನ್ನೆರಡೋ ಕೂದಲು. ಅವನು ಬಾಯಿಗೆ ಬೀಗ ಹಾಕಿಕೊಂಡು ಹೋಗುತ್ತಿದ್ದ.

ಇನ್ನು ಬಾವುಟದ ಚರಿತ್ರೆ. ನಾನು ಹೇಳುವುದನ್ನು ಶಾಲೆಯ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ, ಅತ್ತೆ ಹೇಳಿದ್ದನ್ನು ನಾನು ಹೇಳುತ್ತೇನೆ. ಮೊದಲು ಎರಡೂ ದಡ ಒಂದೇ ದೇಶ. ದೇಶಕ್ಕೊಂದು ಬಾವುಟ ಬೇಕು ಎಂದಾಗ ದೊಡ್ಡವರೆಲ್ಲ ಸೇರಿ ತಿಂಗಳುಗಟ್ಟಲೆ ಜಗಳವಾಡಿದರಂತೆ. ಕೊನೆಗೆ ನಕ್ಷೆ ಬರೆಯುವ ಒಬ್ಬ ಗುಮಾಸ್ತನಿಗೆ ನೀನೇ ಏನಾದರೂ ಬರಿ ಎಂದರಂತೆ. ಅವನ ಮೇಜಿನ ಮೇಲೆ ಇದ್ದದ್ದೇ ಮೂರು ಮಸಿ: ಕಾಡಿಗೆ ಹಸಿರು, ನೀರಿಗೆ ನೀಲಿ, ಹೊಲಕ್ಕೆ ಹಳದಿ. ಮೇಲೆ ಹಸಿರು, ನಡುವೆ ನೀಲಿ, ಕೆಳಗೆ ಹಳದಿ ಎಳೆದುಕೊಟ್ಟ. ನಮ್ಮ ದಡ ಗುಡ್ಡದ ಕಡೆ, ಆ ದಡ ಹೊಲದ ಕಡೆ, ನಡುವೆ ಹೊಳೆ. ಅಷ್ಟೇ ಅದರ ಅರ್ಥ. ತ್ಯಾಗ, ಸತ್ಯ, ಶಾಂತಿ ಎಲ್ಲ ಆಮೇಲೆ ಬಂದು ಸೇರಿಕೊಂಡವು. ಆ ಮೊದಲ ಬಾವುಟಗಳನ್ನು ಹೊಲಿದ ಏಳು ಹೆಂಗಸರಲ್ಲಿ ಅತ್ತೆಯ ತಾಯಿಯೂ ಒಬ್ಬರು. ಅವರ ಹೆಣ್ಣುಮಕ್ಕಳು ಅಕ್ಕತಂಗಿಯರಿಬ್ಬರೂ ಕಾಲಬುಡದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರಂತೆ.

ಅಕ್ಕ ಎಂದರೆ ನಮ್ಮತ್ತೆ. ತಂಗಿಯನ್ನು ಮನೆಯವರೆಲ್ಲ ಕರೆಯುತ್ತಿದ್ದದ್ದು ಎಡಚಿ ಎಂದು. ಅವಳು ಎಡಗೈಯಲ್ಲಿ ಹೊಲಿಯುತ್ತಿದ್ದಳು, ಎಡಗೈಯಲ್ಲಿ ದಾರ ಸುತ್ತುತ್ತಿದ್ದಳು. ಬಲಗೈಯವರು ಸುತ್ತಿದ ದಾರದ ಎಳೆಗಳು ಒಂದು ಕಡೆ ಓರೆಯಾಗಿದ್ದರೆ ಅವಳದು ಇನ್ನೊಂದು ಕಡೆ ಓರೆ. ಅವಳನ್ನು ಆ ದಡಕ್ಕೆ ಮದುವೆ ಮಾಡಿಕೊಟ್ಟಿದ್ದರು. ಕೊಟ್ಟದ್ದೇನು ದೂರವಲ್ಲ. ಮಧ್ಯಾಹ್ನ ಉಂಡು ದೋಣಿ ಹತ್ತಿದರೆ ಸಂಜೆಯ ಚಹಾದ ಹೊತ್ತಿಗೆ ತವರಿನಲ್ಲಿ. ಆ ದಡದಲ್ಲೂ ಬಾವುಟ ಹೊಲಿಯುವ ಕೆಲಸ ಸಿಕ್ಕಿತ್ತು.

ಕೊನೆಯ ಸಲ ಅವಳು ಬಂದಾಗ ಅಕ್ಕತಂಗಿಯರಿಗೆ ಜಗಳವಾಯಿತು. ಜಗಳ ತಾಯಿಯ ಕತ್ತರಿಗಾಗಿ. ತಾಯಿ ತೀರಿಕೊಂಡಿದ್ದರು. ಕತ್ತರಿ ತನಗೆ ಬೇಕು ಎಂದಳು ತಂಗಿ. ಹಿರಿಯವಳು ನಾನು, ಕೆಲಸ ಬಲ್ಲವಳು ನಾನು ಎಂದರು ಅಕ್ಕ. ಮಾತಿಗೆ ಮಾತು ಬೆಳೆಯಿತು.

"ನಿನಗ್ಯಾಕೆ ಕತ್ತರಿ? ನಿನ್ನ ಎಡಗೈ ಹೊಲಿಗೆ ಎರಡು ಗಾಳಿಗೆ ಬಾಳಲ್ಲ," ಎಂದುಬಿಟ್ಟರು ನಮ್ಮತ್ತೆ.

ಅದು ಸುಳ್ಳು. ತಂಗಿಯ ಹೊಲಿಗೆ ತನ್ನದಕ್ಕಿಂತ ಚೆನ್ನಾಗಿತ್ತು, ಅದೇ ಹೊಟ್ಟೆಯುರಿ ಎಂದು ಅತ್ತೆಯೇ ನನ್ನ ಹತ್ತಿರ ಹೇಳಿದ್ದಾರೆ. ತಂಗಿ ಚಪ್ಪಲಿ ಮೆಟ್ಟಿಕೊಂಡು ದೋಣಿ ಹತ್ತಿದಳು. ಮುಂದಿನ ವಾರ ಹೋಗಿ ಕತ್ತರಿ ಕೊಟ್ಟು ಸಮಾಧಾನ ಮಾಡಿಬರೋಣ ಎಂದುಕೊಂಡಿದ್ದರು ಅತ್ತೆ. ಮುಂದಿನ ವಾರ ದೋಣಿ ನಿಂತಿತು. ಹೊಳೆಯ ಎರಡೂ ಕಡೆ ತಂತಿ ಬೇಲಿ ಬಂತು. ದೇಶ ಎರಡಾಯಿತು.

ಮನೆ ಪಾಲಾಗುವಾಗ ಬಾವಿ ನನಗಿರಲಿ ಎಂದು ಇಬ್ಬರೂ ಹಟ ಹಿಡಿಯುತ್ತಾರಲ್ಲ, ಬಾವುಟದಲ್ಲೂ ಹಾಗೇ ಆಯಿತು. ನಾವು ಹಳದಿ ತೆಗೆದೆವು, ಅವರು ಹಸಿರು ತೆಗೆದರು, ನೀಲಿ ಬಿಡಲು ಯಾರೂ ಒಪ್ಪಲಿಲ್ಲ. ನಮ್ಮದು ಮೇಲೆ ಹಸಿರು, ಕೆಳಗೆ ನೀಲಿ. ಅವರದು ಮೇಲೆ ನೀಲಿ, ಕೆಳಗೆ ಹಳದಿ. ಹಳೆಯ ಮೂರು ಪಟ್ಟಿಯ ಬಾವುಟ ಇಟ್ಟುಕೊಂಡರೆ ಎರಡೂ ಕಡೆ ಜೈಲು. ನನ್ನ ಮಗಳ ಪಾಠದಲ್ಲಿ ನೀಲಿ ಎಂದರೆ ಶಿಸ್ತು ಎಂದಿತ್ತು. ಅಜ್ಜಿಯನ್ನು ಕೇಳಿಕೊಂಡು ಹೋಗಿ ಪರೀಕ್ಷೆಯಲ್ಲಿ 'ನೀಲಿ ಅಂದರೆ ಹೊಳೆ' ಎಂದು ಬರೆದು ಒಂದು ಅಂಕ ಕಳೆದುಕೊಂಡು ಬಂದಳು. ಅಜ್ಜಿ ಅವಳಿಗೆ ಎರಡು ಮಿಠಾಯಿ ಕೊಡಿಸಿದರು.

ತಂಗಿಗೆ ಬರೆದ ಕಾಗದಗಳು ಮೂರು ವರ್ಷ ಹೋದವು, ಒಂದಕ್ಕೂ ಉತ್ತರವಿಲ್ಲ. ಆಮೇಲೆ ಕಾಗದಗಳೇ ವಾಪಸ್ ಬರತೊಡಗಿದವು, 'ಈ ಹೆಸರಿನ ಬೀದಿ ಇಲ್ಲ' ಎಂಬ ಮುದ್ರೆ ಹೊತ್ತು. ಬೀದಿಗಳಿಗೆಲ್ಲ ಹೊಸ ಹೆಸರಿಟ್ಟಿದ್ದರು. ನೋಡಿಬರಲು ಪರವಾನಗಿ ಕೇಳಿದರೆ, ಆ ದಡದ ಸಂಬಂಧಿಕರು ಬದುಕಿದ್ದಾರೆ ಎಂದು ಆ ದಡದ ಕಚೇರಿಯಿಂದ ಪತ್ರ ತನ್ನಿ ಎನ್ನುತ್ತಿದ್ದರು. ಪತ್ರ ತರಬೇಕಾದರೆ ಆ ದಡಕ್ಕೆ ಹೋಗಬೇಕು. ಹೋಗಬೇಕಾದರೆ ಪರವಾನಗಿ ಬೇಕು. ಅತ್ತೆ ಮೂರು ಸಲ ಅರ್ಜಿ ಹಾಕಿ ಮೂರು ಸಲವೂ ಇದನ್ನೇ ಕೇಳಿಸಿಕೊಂಡು ಬಂದರು.

ಹೀಗೆ ಅತ್ತೆಗೆ ಉಳಿದದ್ದು ಕಿಟಕಿ. ಆ ದಡದ ಗೋಪುರದ ಮೇಲೆ ನೀಲಿ-ಹಳದಿ ಬಾವುಟ ಹಾರುವುದು ಅಲ್ಲಿಂದ ಕಾಣುತ್ತಿತ್ತು, ಉಗುರಿನಷ್ಟು. ಬಾಬಿನ್ನು ಬದಲಿಸುವಾಗಲೆಲ್ಲ ಒಮ್ಮೆ ನೋಡುತ್ತಿದ್ದರು. ಎಂದಾದರೂ ಅದು ಅರ್ಧಕ್ಕೆ ಇಳಿದಿದ್ದರೆ ಅವತ್ತು ಊಟ ಸೇರುತ್ತಿರಲಿಲ್ಲ.

"ಅವರ ಯಾರೋ ಮಂತ್ರಿ ಸತ್ತಿರ್ತಾನೆ ಬಿಡಿ ಅತ್ತೆ. ನಿಮ್ಮ ತಂಗಿಗೆ ಬಾವುಟ ಇಳಿಸ್ತಾರಾ?"

"ಇಳಿಸಲ್ಲ ಕಣೇ. ಅದಕ್ಕೇ ಭಯ. ಅವಳು ಹೋದ್ರೆ ನನಗೆ ಗೊತ್ತೇ ಆಗಲ್ಲ," ಎಂದರು ಒಂದು ಸಲ. ನಾನು ಮತ್ತೆ ಆ ತಮಾಷೆ ಮಾಡಲಿಲ್ಲ.

ಮೂವತ್ತೊಂದು ವರ್ಷವಾದ ಮೇಲೆ ಎರಡು ದೇಶಗಳೂ ಸೇರಿ ಹೊಳೆಗೆ ಸೇತುವೆ ಕಟ್ಟಿದವು. ಲಾರಿಗಳಿಗೆ ಮಾತ್ರ, ಜನರಿಗಲ್ಲ. ಸೇತುವೆಯ ಸರೀ ನಡುವೆ ಎರಡು ಕಂಬ, ಒಂದರಲ್ಲಿ ನಮ್ಮ ಬಾವುಟ, ಇನ್ನೊಂದರಲ್ಲಿ ಅವರದು, ಒಂದೇ ಎತ್ತರ, ಒಂದೇ ಅಳತೆ. ಅವನ್ನು ಒಗೆಯುವುದು, ರಿಪೇರಿ ಮಾಡುವುದು ಯಾರು ಎಂಬುದಕ್ಕೇ ಹನ್ನೊಂದು ದಿನ ಮಾತುಕತೆ ನಡೆಯಿತಂತೆ. ಕೊನೆಗೆ ಆರು ತಿಂಗಳು ಎರಡನ್ನೂ ನಾವು ನೋಡಿಕೊಳ್ಳುವುದು, ಆರು ತಿಂಗಳು ಎರಡನ್ನೂ ಅವರು ನೋಡಿಕೊಳ್ಳುವುದು ಎಂದಾಯಿತು. ಮೊದಲ ಸರದಿ ನಮ್ಮದು.

ಹೊಳೆಯ ಮೇಲಿನ ಗಾಳಿ ಎಂದರೆ ಸಾಮಾನ್ಯವಲ್ಲ. ಎರಡನೇ ತಿಂಗಳಿಗೇ ಅವರ ಬಾವುಟದ ತುದಿ ಬಿರಿಯಿತು. ಕಚೇರಿಯ ಸಾಹೇಬರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಾರ್ಖಾನೆಗೆ ಬಂದರು. ನೆಲಕ್ಕೆ ತಾಗಿಸಬೇಡಿ, ಒಂದು ವಾರದೊಳಗೆ ಆಗಬೇಕು, ಹೆಚ್ಚುಕಡಿಮೆಯಾದರೆ ಎರಡು ದೇಶದ ಮಾತು ಎಂದೆಲ್ಲ ಹೇಳಿ ಹೋದರು. ಮೇಸ್ತ್ರಿ ಅದನ್ನು ಅತ್ತೆಗೆ ಕೊಟ್ಟ. ಬೇರೆ ಯಾರಿಗೆ ಕೊಡುತ್ತಾನೆ?

ನಮ್ಮಲ್ಲಿ ಹಳದಿ ದಾರವೇ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಹಳದಿಗೆ ಕೆಲಸವಿರಲಿಲ್ಲವಲ್ಲ. ಪೇಟೆಯಿಂದ ತರಿಸುತ್ತೇನೆ ಎಂದ ಮೇಸ್ತ್ರಿ. ಹೊಸ ಬಾವುಟ ಅದು, ಅಂಚಿನಲ್ಲಿ ಆ ವರ್ಷದ್ದೇ ಮುದ್ರೆ. ಅತ್ತೆ ಅದನ್ನು ಮೇಜಿನ ಮೇಲೆ ಹರಡಿ, ಹಗ್ಗದ ಪಟ್ಟಿಯ ಕೆಳಮೂಲೆಯ ಮೇಲೆ ಹೆಬ್ಬೆರಳು ಒತ್ತಿದರು. ಅಲ್ಲಿಗೇ ಅವರ ಮುಖ ಬದಲಾಯಿತು. ಕತ್ತರಿ ತೆಗೆದುಕೊಂಡು, ಅದೇ ತಾಯಿಯ ಕತ್ತರಿ, ನಾಲ್ಕು ಟಾಕೆ ಬಿಚ್ಚಿದರು. ಒಳಗಿನಿಂದ ಬೆರಳುದ್ದದ ಹೂವಿನ ಚಿಂದಿಯೊಂದು ಬಂತು. ಅದರ ಸುತ್ತ ಹಳದಿ ದಾರ ನಾಲ್ಕು ಮೊಳ, ನೀಲಿ ದಾರ ನಾಲ್ಕು ಮೊಳ.

ಅತ್ತೆ ಅದನ್ನು ತಾವು ಸುತ್ತಿದ ಒಂದು ತವರು ದಾರದ ಪಕ್ಕ ಇಟ್ಟು ನನ್ನನ್ನು ಕರೆದರು. "ನೋಡು. ಯಾವ ಕಡೆ ಓರೆ ಇದೆ ನೋಡು."

ಅವರ ಸುತ್ತು ಬಲಕ್ಕೆ ಓರೆ. ಇದು ಎಡಕ್ಕೆ.

"ಇದ್ದಾಳೆ ಕಣೇ," ಎಂದರು. ಮಷೀನಿನ ಮುಂದಿನ ಸ್ಟೂಲು ಬಿಟ್ಟು ನೆಲದ ಮೇಲೇ ಕೂತುಬಿಟ್ಟರು. ಹನ್ನೊಂದು ವರ್ಷದಲ್ಲಿ ನಾನು ಅವರು ಅಳುವುದನ್ನು ನೋಡಿದ್ದು ಅದೇ ಮೊದಲು. ನಾನೂ ಅತ್ತುಬಿಟ್ಟೆ. ಕತ್ತರಿ ಮಾವ ಏನಾಯಿತು ಏನಾಯಿತು ಎಂದು ಬಂದವನು, ವಿಷಯ ತಿಳಿದು, ತಾನೇ ಹೋಗಿ ಚಹಾ ತಂದ.

ಮರುದಿನ ಅತ್ತೆ ರಜೆ ಹಾಕಿ, ಆ ಚಿಂದಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಪರವಾನಗಿ ಕಚೇರಿಗೆ ಹೊರಟರು. ಜೊತೆಗೆ ನಾನು. ಗುಮಾಸ್ತನ ಮುಂದೆ ಅದನ್ನು ಬಿಚ್ಚಿಟ್ಟು, "ಪುರಾವೆ ಕೇಳಿದ್ರಲ್ಲ, ತಂದಿದ್ದೀನಿ," ಎಂದರು. ತಾಯಿಯಿಂದ ಶುರುಮಾಡಿ ಪೂರ್ತಿ ಕಥೆ ಹೇಳಿದರು. ಗುಮಾಸ್ತ ಒಳ್ಳೆಯವನೇ, ಕೊನೆಯವರೆಗೂ ಕೇಳಿದ.

"ಅಮ್ಮಾ, ನಾನು ನಂಬ್ತೀನಿ. ಆದ್ರೆ ದಾರಕ್ಕೆ ಸೀಲ್ ಎಲ್ಲಿದೆ? ಸಹಿ ಎಲ್ಲಿದೆ?"

"ಆ ಓರೆಯೇ ಅವಳ ಸಹಿ."

"ಫೈಲಿಗೆ ಏನಂತ ಬರೀಲಿ ಹೇಳಿ?"

ಅತ್ತೆ ಚಿಂದಿಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೇ ತಡೆಯಲಾಗಲಿಲ್ಲ. ಆ ಗುಮಾಸ್ತನ ವಂಶವನ್ನೆಲ್ಲ ಬೈದೆ. ಇಳಿಯುವಾಗ, "ಒಂದು ಚೀಟಿ ಬರೆದು ಪಟ್ಟಿಯೊಳಗೆ ಇಟ್ಟುಬಿಡಿ ಅತ್ತೆ," ಎಂದೆ.

"ಹುಚ್ಚಿ. ಸೇತುವೆ ಮೇಲೆ ಕಾವಲಿನವರು ಬಾವುಟ ಬೆಳಕಿಗೆ ಹಿಡಿದು ನೋಡ್ತಾರೆ, ಪಟ್ಟಿ ಹಿಸುಕಿ ನೋಡ್ತಾರೆ. ಬಾವುಟದಲ್ಲಿ ಬರಹ ಸಿಕ್ಕಿದ್ರೆ ಎರಡೂ ಕಡೆ ಜೈಲೇ. ನನ್ನನ್ನ ಹಿಡಿದ್ರೆ ಹಿಡೀಲಿ, ಅವಳನ್ನ ಹಿಡಿದ್ರೆ? ದಾರವಾದ್ರೆ ಯಾರೂ ಕೇಳಲ್ಲ. ಹೊಲಿಗೆಯವರ ಹತ್ರ ದಾರ ಇಲ್ದೆ ಇನ್ನೇನಿರುತ್ತೆ."

ಬಾವುಟವನ್ನು ರಿಪೇರಿ ಮಾಡಿ, ಪಟ್ಟಿಯೊಳಗೆ ತಮ್ಮ ಕೈಯಿಂದ ದಾರ ಸುತ್ತಿಟ್ಟರು. ಅವಳ ಹಳದಿಯಲ್ಲಿ ಮಿಕ್ಕದ್ದು, ಅದರ ಮೇಲೆ ನಮ್ಮ ಹಸಿರು ನಾಲ್ಕು ಮೊಳ. ಆ ಬಾವುಟಕ್ಕೆ ಹಸಿರಿನ ಕೆಲಸವೇನೂ ಇಲ್ಲ. ಅದೇ ವಿಷಯ. ತಂಗಿ ಅದನ್ನು ತೆಗೆದು ನೋಡಿದರೆ ಅಕ್ಕ ಇದ್ದಾಳೆ ಎಂದು ಗೊತ್ತಾಗುತ್ತದೆ. ಆದರೆ ಅವಳು ತೆಗೆದು ನೋಡುವುದು ಯಾವಾಗ? ಬಾವುಟ ಹರಿದು ಅವಳ ಕೈಗೆ ಹೋದಾಗ. ನಮ್ಮತ್ತೆ ಹೊಲಿದದ್ದು ಹರಿಯುವುದು ಯಾವ ಕಾಲಕ್ಕೆ? ಅತ್ತೆಯ ಬಾವುಟಗಳು ಬಣ್ಣ ಹೋಗಿ ಬೆಳ್ಳಗಾಗುತ್ತಿದ್ದವೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವರ ಒಂದು ತುಂಡೂ ವಾಪಸ್ ಬಂದದ್ದಿಲ್ಲ, ಅದು ಅವರ ಹೆಮ್ಮೆ.

ನಾಲ್ಕನೇ ದಿನ ಅತ್ತೆ ಆ ಬಾವುಟವನ್ನು ಮೇಸ್ತ್ರಿಯ ಹತ್ತಿರ ವಾಪಸ್ ಕೇಳಿ ಪಡೆದು, ತುದಿಯ ಅಂಚನ್ನು ಬಿಚ್ಚಿ, ಮಷೀನಿನಲ್ಲಿ ದಾರ ಬಿಗಿಯುವ ತಿರುಪನ್ನು ಸಡಿಲ ಮಾಡಿಕೊಂಡು ಹೊಲಿಯಲು ಕೂತರು. ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಅತ್ತೆ, ಏನು ಮಾಡ್ತಿದ್ದೀರಿ?"

"ನಿನ್ನ ಹಾಗೆ ಹೊಲೀತಿದ್ದೀನಿ," ಎಂದರು, ನಗಲೂ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಹೊಲಿಗೆ ಅದು. ನಮ್ಮ ಸರದಿ ಮುಗಿಯುವವರೆಗೆ ಹಿಡಿಯಬೇಕು, ಅವರ ಸರದಿಯಲ್ಲಿ ಬಿಡಬೇಕು. ನೋಡಿದವರಿಗೆ ಗಾಳಿಯ ಕೆಲಸ ಅನ್ನಿಸಬೇಕು. ಇದು ಬಯಲಾದರೆ ಬೇರೆ ದೇಶದ ಬಾವುಟವನ್ನು ಬೇಕೆಂದು ಕೆಡಿಸಿದಳು ಎಂದಾಗುತ್ತದೆ. ಆಮೇಲೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ನನ್ನ ಗಂಡನಿಗೆ ಹೇಳೋಣವೇ ಎಂದರೆ, ಅವನ ಬಾಯಲ್ಲಿ ಗುಟ್ಟು ಎಂದರೆ ಜರಡಿಯಲ್ಲಿ ನೀರು. ಹಾಗಾಗಿ ಅತ್ತೆ ಸೊಸೆ ಇಬ್ಬರೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೆವು.

ಅವರ ಸರದಿ ಶುರುವಾಯಿತು. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕಿಟಕಿಯಿಂದ ಸೇತುವೆಯ ಕಂಬಗಳು ಗೋಪುರಕ್ಕಿಂತ ಚೆನ್ನಾಗಿ ಕಾಣುತ್ತಿದ್ದವು. ಗಾಳಿ ಬೀಸಿದರೆ ಖುಷಿ, ನಿಂತರೆ ಬೇಜಾರು. ಒಗೆದು ಹರವಿದ ಬಟ್ಟೆ ಹಾರಿಹೋದರೆ ನಾನು ಗಾಳಿಗೆ ಶಾಪ ಹಾಕುತ್ತಿದ್ದೆ, ಅವರು "ಬೀಸಲಿ ಬಿಡು" ಎನ್ನುತ್ತಿದ್ದರು. ಮೂರನೇ ತಿಂಗಳು ಒಂದು ಬೆಳಿಗ್ಗೆ ಹಳದಿ ಪಟ್ಟಿಯ ತುದಿ ಜೋತುಬಿದ್ದದ್ದು ಕಂಡಿತು. ಸಂಜೆಗೆ ಕಂಬ ಖಾಲಿ. ನಾಲ್ಕು ದಿನದ ಮೇಲೆ ಬಾವುಟ ಮತ್ತೆ ಏರಿತು.

ಮತ್ತೆ ನಮ್ಮ ಸರದಿ ಬಂದು ಎರಡು ವಾರವಾಗಿರಲಿಲ್ಲ, ಸಾಹೇಬರು ಗೊಣಗುತ್ತಾ ಬಂದರು. "ಎಂಥಾ ಹೊಲಿಗೆ ಮಾರಾಯ್ರೆ ಅವರದ್ದು. ಮೂರು ತಿಂಗಳ ಹಿಂದಷ್ಟೇ ರಿಪೇರಿ ಮಾಡಿದ್ದಂತೆ, ಆಗಲೇ ಬಿಟ್ಟಿದೆ."

ಅತ್ತೆ ಬಾವುಟ ಇಸಿದುಕೊಂಡು ಬಿಟ್ಟುಹೋದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಟಾಕೆಗಳು ಉದ್ದುದ್ದ, ದಾರ ಸಡಿಲ, ಕೊನೆಯ ಗಂಟೇ ಇಲ್ಲ. ಬೇಕೆಂದೇ ಮಾಡದೆ ಆ ಕೈಯಿಂದ ಅಷ್ಟು ಕೆಟ್ಟ ಹೊಲಿಗೆ ಬರಲು ಸಾಧ್ಯವೇ ಇರಲಿಲ್ಲ.

"ನೋಡೇ," ಎಂದರು ಅತ್ತೆ. ನಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. "ಎರಡು ಗಾಳಿಗೆ ಬಾಳದ ಹಾಗೆ ಹೊಲಿದಿದ್ದಾಳೆ. ನಾನು ಅಂದಿದ್ದು ಮರೆತಿಲ್ಲ ಮುಂಡೇದು. ಅಂದಿದ್ದನ್ನ ಹಾಗೇ ಮಾಡಿ ತೋರಿಸಿದಾಳೆ."

ಪಟ್ಟಿಯೊಳಗೆ ಎಡಕ್ಕೆ ಓರೆಯಾದ ಹಳದಿ ದಾರವಿತ್ತು. ಸುತ್ತಿದ ಚಿಂದಿ ಈ ಸಲ ಮಗುವಿನ ಅಂಗಿಯದು. "ಮೊಮ್ಮಗು ಹುಟ್ಟಿದೆ," ಎಂದರು ಅತ್ತೆ, ಕಾಗದ ಓದುವವರಂತೆ.

ಅಲ್ಲಿಂದ ಐದು ವರ್ಷ ಹೀಗೇ ನಡೆಯಿತು. ಎರಡು ದೇಶದ ಎರಡು ಒಳ್ಳೆಯ ಕೈಗಳು ಎರಡು ದೇಶದ ಕೆಟ್ಟ ಬಾವುಟಗಳನ್ನು ಹೊಲಿದವು. ಸಾಹೇಬರು ಗಾಳಿಯನ್ನು ಬೈದರು, ಬಟ್ಟೆಯನ್ನು ಬೈದರು, ಗುತ್ತಿಗೆದಾರರನ್ನು ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತೆ ಚಿಂದಿ ಆರಿಸುವುದಕ್ಕೇ ವಾರಗಟ್ಟಲೆ ಯೋಚಿಸುತ್ತಿದ್ದರು. ನನ್ನ ಮಗಳ ಶಾಲೆಯ ಸಮವಸ್ತ್ರದ ತುಂಡು ಹೋಯಿತು, ಅತ್ತೆಯ ಗಂಡ, ನಮ್ಮ ಮಾವ, ತೀರಿಕೊಂಡ ವರ್ಷ ಅವರ ಅಂಗಿಯ ಕಾಲರು ಹೋಯಿತು. ಆ ಕಡೆಯಿಂದ ಮದುವೆ ಬಟ್ಟೆಯ ಜರಿ ಬಂತು, ಆಸ್ಪತ್ರೆಯ ಹಸಿರು ಬಟ್ಟೆ ಬಂತು. ಅದು ಬಂದ ಆರು ತಿಂಗಳು ಅತ್ತೆಗೆ ನಿದ್ದೆಯಿರಲಿಲ್ಲ, ಮುಂದಿನ ಸಲ ಮತ್ತೆ ಎಡಕ್ಕೆ ಸುತ್ತಿದ ದಾರ ಬರುವವರೆಗೆ.

ಒಂದು ದಿನ ಎರಡೂ ಬಾವುಟಗಳು ಒಟ್ಟಿಗೇ ರಿಪೇರಿಗೆ ಬಂದಿದ್ದವು. ಊಟದ ಹೊತ್ತು, ಕತ್ತರಿ ಮಾವನ ಹೊರತು ಕಾರ್ಖಾನೆ ಖಾಲಿ. ಅತ್ತೆ ನಮ್ಮದನ್ನು ಮೇಜಿನ ಮೇಲೆ ಹಾಸಿದರು. ಅವರದನ್ನು ಅದರ ಮೇಲೆ, ನೀಲಿಯ ಮೇಲೆ ನೀಲಿ ಬರುವ ಹಾಗೆ ಇಟ್ಟರು. ಮೇಲೆ ಹಸಿರು, ನಡುವೆ ನೀಲಿ, ಕೆಳಗೆ ಹಳದಿ. ನಾನು ಆ ಬಾವುಟವನ್ನು ನೋಡಿದ್ದು ಅದೊಂದೇ ಸಲ. ಕತ್ತರಿ ಮಾವ ತುತ್ತು ಕೈಯಲ್ಲೇ ಹಿಡಿದು ಎದ್ದು ಹೋಗಿ ಬಾಗಿಲು ಹಾಕಿದ. ಬಂದು ಪಕ್ಕದಲ್ಲಿ ನಿಂತ. ಅತ್ತೆ ನೀಲಿಯ ಮೇಲೆ ಅಂಗೈ ಇಟ್ಟು ಸುಕ್ಕು ಸರಿಮಾಡಿದರು.

"ಒಂದು ಸಲ, ಎದುರಿಗೆ ಕೂತು, ತಪ್ಪಾಯ್ತು ಕಣೇ ಅಂತ ಹೇಳ್ಬೇಕು. ಕತ್ತರಿ ಕೊಡ್ಬೇಕು. ಇನ್ನೇನೂ ಬೇಡ ನನಗೆ," ಎಂದರು. ಆಮೇಲೆ ಎರಡನ್ನೂ ಬೇರೆಬೇರೆಯಾಗಿ ಮಡಿಸಿದರು.

ನಾಲ್ಕನೇ ಅರ್ಜಿ ಹಾಕಿದ್ದೆವು. ಎಪ್ಪತ್ತು ದಾಟಿದವರಿಗೆ ವಿನಾಯಿತಿ ಇದೆ, ಬದುಕಿದ್ದಾರೆ ಎಂಬ ಪತ್ರ ಬೇಕಿಲ್ಲ, ಆಗ ಬನ್ನಿ ಎಂದ ಅದೇ ಗುಮಾಸ್ತ. ಅತ್ತೆಗೆ ಆಗ ಅರವತ್ತೇಳು. ಮೂರು ವರ್ಷ ತಾನೇ ಎಂದರು. ಅಷ್ಟರಲ್ಲಿ ಅವರ ಕಣ್ಣು ಹೋಗತೊಡಗಿತು. ಕಣ್ಣಿನ ನರ ಬತ್ತಿದೆ, ಆಪರೇಷನ್ನಿಗೆ ಬಗ್ಗುವುದಲ್ಲ ಎಂದರು ಡಾಕ್ಟರು. ಮೊದಲು ಗೋಪುರ ಕಾಣದಾಯಿತು, ಆಮೇಲೆ ಸೇತುವೆ, ಆಮೇಲೆ ಸೂಜಿಯ ಕಣ್ಣು. ಮೇಸ್ತ್ರಿ ಅವರನ್ನು ಮನೆಗೆ ಕಳಿಸಲಿಲ್ಲ, ಅದೊಂದು ಪುಣ್ಯ ಕಟ್ಟಿಕೊಂಡ. ಅವರ ಮಷೀನಿಗೆ ನಾನು ಬಂದೆ. ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ಬೆರಳಿನಿಂದ ಹೊಲಿಗೆ ತಡವಿ ನೋಡಿ ಬೈಯುವ ಕೆಲಸ ಮುಂದುವರಿಸಿದರು.

ಹೋದ ತಿಂಗಳು ಸಾಹೇಬರು ನೀಲಿ-ಹಳದಿ ಬಾವುಟ ತಂದುಕೊಟ್ಟರು. ನಾನು ಹಗ್ಗದ ಪಟ್ಟಿ ಬಿಚ್ಚಿ ದಾರ ತೆಗೆದೆ. ಓರೆ ಬಲಕ್ಕಿತ್ತು.

ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಬಲಕ್ಕೇ. ಯಾರೋ ಬಲಗೈಯವರು ಸುತ್ತಿದ್ದು. ಚಿಂದಿ ಬೂದು ಬಣ್ಣದ್ದು, ಒಗೆದು ಒಗೆದು ತೆಳುವಾದದ್ದು, ಅದರ ತುಂಬ ಸಣ್ಣ ಸಣ್ಣ ತೂತು.

"ಯಾವ ಕಡೆ ಇದೆ?" ಎಂದು ಕೇಳಿದರು ಅತ್ತೆ.

"ಎಡಕ್ಕೇ ಇದೆ ಅತ್ತೆ," ಎಂದೆ.

"ಕೊಡಿಲ್ಲಿ."

ಕೊಡದೆ ಇರಲು ಯಾವ ನೆಪವೂ ಹೊಳೆಯಲಿಲ್ಲ. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳನ್ನು ಎಳೆಗಳ ಮೇಲೆ ಒಮ್ಮೆ ಆಚೆ, ಒಮ್ಮೆ ಈಚೆ ಆಡಿಸಿದರು. ನಿಧಾನವಾಗಿ ದಾರ ಬಿಚ್ಚಿ ತೊಡೆಯ ಮೇಲಿಟ್ಟು, ಚಿಂದಿಯನ್ನು ತಡವಿದರು. ಆ ತೂತುಗಳ ಮೇಲೆ ಬೆರಳು ನಿಂತಿತು. ಅವರ ಇನ್ನೊಂದು ಕೈ ತಮ್ಮ ಏಪ್ರನ್ನಿನ ಎಡ ಎದೆಗೆ, ಸೂಜಿ ಚುಚ್ಚಿ ಜರಡಿಯಾದ ಜಾಗಕ್ಕೆ ಹೋಯಿತು. ಕೆಲಸದಲ್ಲಿರುವವಳ ಏಪ್ರನ್ನನ್ನು ಯಾರೂ ಕತ್ತರಿಸುವುದಿಲ್ಲ. ಅದು ನನಗೂ ಗೊತ್ತಿತ್ತು.

ಹದಿನಾಲ್ಕು ಮಷೀನುಗಳೂ ಓಡುತ್ತಿದ್ದವು. ಅತ್ತೆ ಅಳಲಿಲ್ಲ. ಆ ಚಿಂದಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡರು. ತಮ್ಮ ಏಪ್ರನ್ನಿನ ಅಂಚಿನಿಂದ ಬೆರಳುದ್ದದ ಒಂದು ತುಂಡನ್ನು ತಾಯಿಯ ಕತ್ತರಿಯಿಂದ ಕತ್ತರಿಸಿಕೊಂಡು, ಆ ಹಳದಿ ದಾರವನ್ನು ಅದಕ್ಕೆ ಸುತ್ತತೊಡಗಿದರು. ಎಡಗೈಯಲ್ಲಿ. ಅಭ್ಯಾಸವಿಲ್ಲದ ಕೈ, ದಾರ ಜಾರುತ್ತಿತ್ತು, ಮತ್ತೆ ಮತ್ತೆ ಮೊದಲಿನಿಂದ ಸುತ್ತುತ್ತಿದ್ದರು. ನಾನು ಕೈ ಚಾಚಿದರೆ ತಳ್ಳಿದರು. ಕೊನೆಗೆ ಎಡಕ್ಕೆ ಓರೆಯಾಗಿ, ಸೊಟ್ಟಸೊಟ್ಟಗೆ, ನಾಲ್ಕು ಮೊಳ ಸುತ್ತಿ ನನ್ನ ಕೈಗೆ ಕೊಟ್ಟರು.

"ಒಳಗಿಡು. ಈ ಸಲ ಗಟ್ಟಿಯಾಗಿ ಹೊಲಿ ಹುಡುಗಿ. ಇನ್ನು ಹರಿಯೋದು ಬೇಡ."

ನಾನು ಹೂಂ ಎಂದೆ. ದಾರ ಒಳಗಿಟ್ಟು ಪಟ್ಟಿ ಮುಚ್ಚಿದೆ. ತುದಿಯ ಅಂಚಿಗೆ ಬಂದಾಗ ಕೈ ನಿಂತಿತು. ಆ ದಡದಲ್ಲಿ ಯಾರೋ ಒಬ್ಬಳು ಆ ಏಪ್ರನ್ನು ಕತ್ತರಿಸಿ, ನಾಲ್ಕು ಮೊಳ ಅಳೆದು, ಅದೇ ಮೂಲೆಯಲ್ಲಿ ಇಟ್ಟಿದ್ದಾಳೆ. ಅವಳಿಗೆ ಅದನ್ನು ಯಾರೋ ಹೇಳಿಕೊಟ್ಟಿರಬೇಕು, ಬೈದು ಬೈದು. ಅವಳೂ ಸೊಸೆಯೇ ಇರಬೇಕು. ಈ ಕಡೆ ದಾರ ಯಾರಿಗೆ ಸಿಕ್ಕಿತು, ಸಿಕ್ಕಿತೋ ಇಲ್ಲವೋ ಎಂದು ಅವಳು ಕಿಟಕಿಯಲ್ಲಿ ಕೂತು ಕಾಯುತ್ತಿದ್ದರೆ?

ಅತ್ತೆಯ ಮಾತನ್ನು ನಾನು ಎದುರಿಗೆ ಎಷ್ಟು ಸಲ ಮೀರಿದ್ದೇನೋ ಲೆಕ್ಕವಿಲ್ಲ, ಬೆನ್ನ ಹಿಂದೆ ಮೀರಿದ್ದು ಅದೇ ಮೊದಲು. ಮಷೀನಿನ ತಿರುಪು ಸಡಿಲ ಮಾಡಿದೆ. ಕೆಟ್ಟ ಹೊಲಿಗೆ ನನಗೆ ಹೊಸದೇನಲ್ಲವಲ್ಲ. ಹೊಲಿದಾದ ಮೇಲೆ ಅತ್ತೆ ಎಂದಿನಂತೆ ಕೈ ಚಾಚಿದರು. ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ತಡವಿದರು. ಟಾಕೆಗಳ ನಡುವೆ ಎಮ್ಮೆ ನುಗ್ಗುವಷ್ಟು ಜಾಗವಿತ್ತು. ಬಿಚ್ಚು ಎನ್ನುತ್ತಾರೆ ಎಂದು ಕಾದೆ.

ಅವರು ಬಾವುಟ ಮಡಿಸಿ ನನ್ನ ತೊಡೆಯ ಮೇಲಿಟ್ಟರು. "ಹೊರಗೆ ಗಾಳಿ ಇದೆಯಾ?" ಎಂದು ಕೇಳಿದರು.

"ಇದೆ ಅತ್ತೆ," ಎಂದೆ.